ಹೆಂಚು ಹಿಡಿದ ಕೈಗಳು

ಮನುಷ್ಯನ ಶರೀರದಲ್ಲಿ ಕೈಗಳಷ್ಟು ಉಪಯುಕ್ತವಾದ ಅಂಗ ಇನ್ನೊಂದಿಲ್ಲ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಉಪಯೋಗವಿಲ್ಲದ ಹೊತ್ತಿನಲ್ಲಿ ಅವುಗಳನ್ನು ಎಲ್ಲಿಡಬೇಕೆಂಬುದನ್ನು ಮಾತ್ರ ಯಾರೂ ಹೇಳಿಕೊಟ್ಟಿಲ್ಲ. ಮದುವೆ ಮನೆಯಲ್ಲಿ ಫೋಟೋಕ್ಕೆ ನಿಂತವರನ್ನು ಒಮ್ಮೆ ಗಮನಿಸಿ. ಮುಖಕ್ಕೆ ನಗೆ ತಂದುಕೊಳ್ಳುವುದು ಅಷ್ಟೇನೂ ಕಷ್ಟವಲ್ಲ, ತಂದುಕೊಳ್ಳುವವರೆಗೆ ಫೋಟೋದವನೂ ಬಿಡುವುದಿಲ್ಲ. ಕೈಗಳ ಪಾಡು ಹಾಗಲ್ಲ. ಹಿಂದೆ ಕಟ್ಟಿಕೊಂಡರೆ ತಪಾಸಣೆಗೆ ಬಂದ ಅಧಿಕಾರಿಯಾಗುತ್ತೇವೆ, ಮುಂದೆ ಕಟ್ಟಿಕೊಂಡರೆ ಅಧಿಕಾರಿಯ ಮುಂದೆ ನಿಂತ ನೌಕರರಾಗುತ್ತೇವೆ, ಸುಮ್ಮನೆ ಜೋತುಬಿಟ್ಟರೆ ಬೇರೆ ಯಾರದೋ ಕೈಗಳನ್ನು ಆ ಹೊತ್ತಿನ ಮಟ್ಟಿಗೆ ಕಡ ತಂದವರ ಹಾಗೆ ಕಾಣುತ್ತೇವೆ. ನಾನು ಮುಂಡಗೋಡ, ಹಳಿಯಾಳಗಳ ಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಬಲಗೈಯಲ್ಲಿ ಸೀಮೆಸುಣ್ಣ, ಎಡಗೈಯಲ್ಲಿ ಪಠ್ಯಪುಸ್ತಕ ಇರುವ ತನಕ ಈ ಸಮಸ್ಯೆ ನನ್ನನ್ನು ಕಾಡಲಿಲ್ಲ. ದಾಂಡೇಲಿಗೆ ಬಂದು ನೆಲಸಿದ ಮೇಲೆ ಎರಡೂ ಕೈಗಳು ಒಮ್ಮೆಲೇ ಬರಿದಾಗಿ, ಮನೆಯಲ್ಲಿ ಹೆಂಡತಿಗೂ ಅಡ್ಡವಾಗತೊಡಗಿದವು.

ಪ್ರಾರ್ಥನೆಯಲ್ಲಾದರೂ ಈ ತೊಡಕು ಇರಬಾರದಿತ್ತು. ಆದರೆ ನಾನು ಕ್ರೈಸ್ತ, ಅದರಲ್ಲೂ ದಾಂಡೇಲಿಯ ಕ್ರೈಸ್ತ. ಕಾಗದದ ಕಾರ್ಖಾನೆಯ ದೆಸೆಯಿಂದ ನಮ್ಮ ಊರಿಗೆ ದಿಕ್ಕುದಿಕ್ಕಿನ ಜನ ಬಂದು ಸೇರಿದಂತೆ ದಿಕ್ಕುದಿಕ್ಕಿನ ಪ್ರಾರ್ಥನೆಗಳೂ ಬಂದು ಸೇರಿವೆ. ನಮ್ಮ ಕನ್ನಡ ಸಭೆಯವರು ಬೆರಳಿಗೆ ಬೆರಳು ಹೆಣೆದು ಹೊಟ್ಟೆಯ ಮೇಲಿಟ್ಟುಕೊಂಡು, ಊಟ ಮುಗಿಸಿದವರ ಸಮಾಧಾನದಲ್ಲಿ ಕಣ್ಣು ಮುಚ್ಚುತ್ತೇವೆ. ಇಗರ್ಜಿಗೆ ಹೋಗುವ ಕೊಂಕಣಿ ಮಾತಿನ ಕಥೋಲಿಕರು ಹಣೆ, ಎದೆ, ಭುಜಗಳನ್ನು ಮುಟ್ಟಿ ಶಿಲುಬೆಯ ಗುರುತು ಹಾಕಿಕೊಂಡು ಅಂಗೈ ಜೋಡಿಸುತ್ತಾರೆ. ಪ್ರಾರ್ಥನಾ ಮಂದಿರದ ಬಂಧುಗಳಂತೂ ಎರಡೂ ಕೈಗಳನ್ನು ಆಕಾಶಕ್ಕೆತ್ತಿ, ಮೇಲಿನಿಂದ ಬರಲಿರುವುದು ಎಲ್ಲಿ ತಪ್ಪಿಹೋದೀತೋ ಎಂಬ ಆತುರದಲ್ಲಿ ನಿಲ್ಲುತ್ತಾರೆ. ದೇವರು ಒಬ್ಬನೇ, ಕೈಗಳು ಮಾತ್ರ ಮೂರು ಎತ್ತರದಲ್ಲಿ. ಈ ಎತ್ತರಗಳ ನಡುವಿನ ಅಂತರವನ್ನು ನಮ್ಮ ಹಿರಿಯರು ಗ್ರಂಥಗಟ್ಟಲೆ ಬರೆದು ಕಾಪಾಡಿದರು. ಅಷ್ಟು ಬರೆಯುವ ತ್ರಾಣವಿಲ್ಲದ ನಾವು ಒಬ್ಬರ ಕಾರ್ಯಕ್ರಮಕ್ಕೆ ಇನ್ನೊಬ್ಬರು ಹೋಗದೆ ಕಾಪಾಡಿಕೊಂಡು ಬಂದಿದ್ದೆವು.

ಹೀಗಿರುವಾಗ ಒಂದು ಡಿಸೆಂಬರಿನಲ್ಲಿ ನಾವು, ಅಂದರೆ ಕನ್ನಡ ಸಭೆಯ ಸೇವಾ ಸಮಿತಿಯವರು, ಬಡವರಿಗೆ ಚಾದರ ಹಂಚಲು ಹೊರಟೆವು. ಆ ಸಮಿತಿಗೆ ನಾನೇ ಕಾರ್ಯದರ್ಶಿ. ಹಳಿಯಾಳದ ರಸ್ತೆಯಿಂದ ಕಾಡಿನ ಕಡೆಗೆ ಒಳಗೆ ಹೋದರೆ ಸಿದ್ದಿಯರ ಒಂದು ಸಣ್ಣ ಕೇರಿ ಇದೆ. ಅಲ್ಲಿನ ರೋಜಿನ್‌ಬಾಯಿ ಎಂಬ ಕಥೋಲಿಕ ವಿಧವೆಯ ಮನೆಗೆ ಹೋಗಿ, ಪುಟ್ಟದೊಂದು ಪ್ರಾರ್ಥನೆ ಮಾಡಿ, ಚಾದರವನ್ನು ಹಸ್ತಾಂತರಿಸಿದೆ. ಆಕೆ ಅದನ್ನು ಬಿಡಿಸಿ ನೋಡಿ, ಮಡಚಿ, ಒಳಗೆ ಹೋಗಿ ಇನ್ನೆರಡು ಚಾದರಗಳನ್ನು ತಂದು ಅದರ ಪಕ್ಕಕ್ಕೆ ಇಟ್ಟಳು. ಒಂದು ಇಗರ್ಜಿಯವರದು, ಒಂದು ಪ್ರಾರ್ಥನಾ ಮಂದಿರದವರದು. ಬಣ್ಣ ಬೇರೆಬೇರೆ, ಅಂಗಡಿ ಬಹುಶಃ ಒಂದೇ.

"ಹೊತ್ಕೊಳ್ಳಾಕ ಮೂರ ಆದೂರಿ ಮಾಸ್ತರ. ಒಮ್ಮೆ ಮ್ಯಾಲ ನೋಡ್ರಿ" ಅಂದಳು.

ಕೃತಜ್ಞತೆಯಿಂದ ದೇವರ ಕಡೆ ಬೆರಳು ತೋರಿಸುತ್ತಿದ್ದಾಳೆಂದು ಭಾವಿಸಿ ನಾನು ಭಕ್ತಿಯಿಂದಲೇ ಮುಖ ಮೇಲೆತ್ತಿದೆ. ದೇವರು ಕಾಣಲಿಲ್ಲವಾದರೂ ಆಕಾಶ ಧಾರಾಳವಾಗಿ ಕಂಡಿತು. ಮುಸುವ ಮಂಗಗಳು ಹಾರಿ ಹಾರಿ ಹೆಂಚು ಒಡೆದಿದ್ದವು, ಉಳಿದದ್ದನ್ನು ನೇರಳೆ ಮರದ ಕೊಂಬೆಯೊಂದು ಬಿದ್ದು ಮುಗಿಸಿತ್ತು, ಹೆಂಚು ಕೂರುವ ಮರದ ರೀಪು ಪಟ್ಟಿಗಳಿಗೆ ಗೆದ್ದಲು ಹಿಡಿದಿತ್ತು. ಆಮೇಲೆ ವಿಷಯ ಹೊರಬಿತ್ತು. ಜೋಯಿಡಾ ಕಡೆ ಮದುವೆ ಮಾಡಿಕೊಟ್ಟ ಅವಳ ಒಬ್ಬಳೇ ಮಗಳು ನತಾಲಿನ್ ಬಸುರಿಯಾಗಿದ್ದಳು. ಮಳೆಗಾಲದ ಮೊದಲಲ್ಲೇ ದಿನ ತುಂಬಲಿತ್ತು. ಚೊಚ್ಚಲ ಹೆರಿಗೆ ತವರಿನದು, ಆದರೆ ಸೋರುವ ಮನೆಗೆ ಬಾಣಂತನಕ್ಕೆ ಕಳಿಸುವುದಿಲ್ಲವೆಂದು ಬೀಗರು ಹೇಳಿ ಕಳಿಸಿದ್ದರು. ಬೀಗರ ಮಾತು ನ್ಯಾಯವಾದದ್ದೇ ಆಗಿತ್ತು, ಅದಕ್ಕೇ ರೋಜಿನ್‌ಬಾಯಿಗೆ ಅವರ ಮೇಲೆ ಅಷ್ಟು ಸಿಟ್ಟು.

"ಇದ್ದಾಕಿ ಒಬ್ಬಾಕಿ ಮಗಳು. ಅಕಿ ಬಾಣಂತನಾ ಬ್ಯಾರೇದವ್ರು ಮಾಡಿದ್ರ ನಾ ಯಾಕ ಬದಕಿರಬೇಕ್ರಿ?" ಎಂದು ನನ್ನನ್ನೇ ಕೇಳಿದಳು.

ದಾರಿಯುದ್ದಕ್ಕೂ ಆ ಮೂರು ಚಾದರಗಳು ತಲೆಯಲ್ಲೇ ಕುಳಿತಿದ್ದವು. ಮೂರು ಸಭೆಗಳ ಮೂರು ಸಮಿತಿಗಳು ಒಂದನ್ನೊಂದು ಕೇಳದೆ, ಒಂದೇ ಜ್ಞಾನೋದಯವನ್ನು ಮೂರು ಸಲ ಪಡೆದದ್ದು ಹೇಗೆ? ಕಾರಣ ಸರಳವಾಗಿತ್ತು. ಚಾದರವನ್ನು ಒಬ್ಬನೇ ಕಂಕುಳಲ್ಲಿಟ್ಟುಕೊಂಡು ಹೋಗಬಹುದು. ಮನೆಯ ಮಾಡನ್ನು ಹಾಗೆ ಒಯ್ಯಲಾಗುವುದಿಲ್ಲ. ಒಬ್ಬೊಬ್ಬರೇ ಸೇವೆಗೆ ಹೊರಟಾಗ ನಾವು ಕೊಡುವುದು ಪಡೆಯುವವರ ಅಗತ್ಯವನ್ನಲ್ಲ, ನಮ್ಮ ಕಂಕುಳಿನ ಅಳತೆಯನ್ನು. ಈ ವಾಕ್ಯ ನನಗೆ ಬಹಳ ಹಿಡಿಸಿ, ಮುಂದಿನ ಸಮಿತಿ ಸಭೆಯಲ್ಲಿ ಹೇಳಿ ಎಲ್ಲರ ತಲೆದೂಗಿಸಿದೆ. ಆಮೇಲೆ ಅದರಂತೆ ನಡೆಯಬೇಕಾಗಿ ಬಂದದ್ದು ನನ್ನ ಲೆಕ್ಕಾಚಾರದಲ್ಲಿ ಇರಲಿಲ್ಲ.

ಮೂರು ಕಡೆಯವರು ಸೇರಿ ಮಾತಾಡಬೇಕು, ಸರಿ, ಎಲ್ಲಿ? ನಮ್ಮ ದೇವಾಲಯಕ್ಕೆ ಅವರು ಬರುವುದು, ಅವರ ಇಗರ್ಜಿಗೆ ನಾವು ಹೋಗುವುದು, ಎಲ್ಲದರಲ್ಲೂ ಯಾರೋ ಒಬ್ಬರು ಸೋತಂತೆ. ಕೊನೆಗೆ ಹಳಿಯಾಳ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿ, ಯಾವ ಪಂಥಕ್ಕೂ ಸೇರದ ಪವಿತ್ರ ಕ್ಷೇತ್ರವೆಂದು ತೀರ್ಮಾನವಾಯಿತು. ಇಗರ್ಜಿಯ ಕಡೆಯಿಂದ ಬಸ್ತ್ಯಾಂವ್ ಬಂದ. ಕ್ಯಾಸಲ್‌ರಾಕ್ ಘಾಟಿನ ರೈಲು ಹಳಿ ದುರಸ್ತಿಯ ಗ್ಯಾಂಗಿನಲ್ಲಿ ದುಡಿದು ನಿವೃತ್ತನಾದ ಮನುಷ್ಯ. ಅವನ ಮಾತು ಕೇಳಿದರೆ ಆ ಘಾಟನ್ನೇ ಅವನು ಎತ್ತಿ ಹಿಡಿದಿದ್ದನೆಂದು ನಂಬಬೇಕಾಗುತ್ತದೆ. ಪ್ರಾರ್ಥನಾ ಮಂದಿರದ ಕಡೆಯಿಂದ ಸಾಮುವೇಲ್ ಬಂದ. ಧಾರವಾಡದ ಕಡೆಯವನು, ಕಾರ್ಖಾನೆಯಲ್ಲಿ ಯಂತ್ರದ ಸದ್ದಿನ ನಡುವೆ ದುಡಿದು ರೂಢಿಯಾಗಿ, ಪಕ್ಕದಲ್ಲಿ ಕೂತವನಿಗೂ ಪ್ರವಾಹದ ಆಚೆ ದಡದವನಿಗೆ ಹೇಳುವಂತೆ ಹೇಳುತ್ತಾನೆ. ಚಹಾ ಬಂದಿತು. ಕುಡಿಯುವ ಮೊದಲು ಪ್ರಾರ್ಥನೆ ಯಾರು ಮಾಡಬೇಕೆಂಬ ವಿಷಯದಲ್ಲಿ ನಾವು ಮೂವರೂ ಪರಸ್ಪರ ತೋರಿದ ಸೌಜನ್ಯ ಎಷ್ಟು ಅಪಾರವಾಗಿತ್ತೆಂದರೆ, ಚಹಾದ ಮೇಲೆ ಕೆನೆ ಕಟ್ಟಿತು. ಅಂಗಡಿಯವನು ಬೇರೆ ಚಹಾ ಬೇಕೇನೆಂದು ಕೇಳಿದಾಗ, ದೇವರು ತಿಳಿದವನೆಂದು ನಂಬಿ ಕುಡಿದುಬಿಟ್ಟೆವು.

ಆದರೂ ಕೆಲಸದ ಮಾತಾಯಿತು. ನಮ್ಮ ದೇವಾಲಯದ ಹಿಂದೆ ಹಳೆಯ ಭಾನುವಾರದ ಶಾಲೆಯ ಕೋಣೆ ಕೆಡವಿ ಇಳಿಸಿದ ಹೆಂಚುಗಳಿದ್ದವು. ರೀಪು ಪಟ್ಟಿಗಳನ್ನು ಇಗರ್ಜಿಯವರು ಒದಗಿಸುವುದು, ಬಸ್ತ್ಯಾಂವ್ ಮತ್ತು ಅವನ ಅಳಿಯ ಅವನ್ನು ಮೊದಲೇ ಹೊಡೆದಿಡುವುದು. ಪ್ರಾರ್ಥನಾ ಮಂದಿರದವರ ಬಳಿ ಕೊಡಲು ವಸ್ತುವೇನೂ ಇರಲಿಲ್ಲ, ಜನ ಮಾತ್ರ ಸಾಕಷ್ಟಿದ್ದರು. ಮೇ ತಿಂಗಳ ಒಂದು ಶನಿವಾರ ಎಲ್ಲರೂ ಸೇರಿ ಹೊದಿಸುವುದೆಂದಾಯಿತು. ರೋಜಿನ್‌ಬಾಯಿ ಬೀಗರಿಗೆ ಹೇಳಿ ಕಳಿಸಿದಳು. ಮಾಡು ಮುಗಿದರೆ ಭಾನುವಾರ ಮಗಳನ್ನು ಕರೆತರಲು ಹೋಗುವುದು, ಮುಗಿಯದಿದ್ದರೆ ಇಲ್ಲ.

ಹೆಂಚು ಏರಿಸುವ ಪದ್ಧತಿ ನಿಮಗೆ ಗೊತ್ತಿರಬಹುದು. ಹೆಂಚಿನ ರಾಶಿಯಿಂದ ಏಣಿಯ ತುದಿಯವರೆಗೆ ಜನ ಸಾಲಾಗಿ ನಿಂತು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸುತ್ತ ಹೋಗುತ್ತಾರೆ. ಯಾರೂ ನಡೆಯುವಂತಿಲ್ಲ, ಯಾರೂ ನಿಲ್ಲಿಸಿಕೊಳ್ಳುವಂತಿಲ್ಲ. ಮಾಡಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ಹೊದಿಸುತ್ತಿದ್ದ ಬಸ್ತ್ಯಾಂವ್ ಅಲ್ಲಿಂದಲೇ ರೈಲ್ವೆಯ ದನಿಯಲ್ಲಿ ಉಪದೇಶ ಮಾಡಿದ: "ಹೆಂಚ ನಿಮ್ದಲ್ಲ. ಬಂತು, ಹೋತು. ಹಿಡ್ಕೊಂಡ ನಿಂತ್ರ ಕೈ ಸೋಲತಾವ."

ಮುಂಡಗೋಡದಲ್ಲಿದ್ದಾಗ ನಾನು ಕ್ರಿಸ್ಮಸ್ ಹಾಡಿನ ತಂಡದಲ್ಲಿದ್ದೆ. ನನ್ನ ಕಂಠ ಸಂಗೀತಕ್ಕೆ ಒಗ್ಗಿದ್ದಲ್ಲವಾದರೂ ಉಳಿದವರ ದನಿಯಡಿ ನನ್ನ ಅಪಸ್ವರ ಅಡಗಿಹೋಗುತ್ತಿದ್ದುದರಿಂದ, ಕೂಡಿ ಮಾಡುವ ಕೆಲಸದ ಮುಖ್ಯ ಲಾಭ ಇದೇ ಎಂದು ತಿಳಿದಿದ್ದೆ. ಹೆಂಚಿನ ಸಾಲಿನಲ್ಲಿ ನಿಂತ ಸ್ವಲ್ಪ ಹೊತ್ತಿಗೆ ಆ ತಿಳಿವಳಿಕೆ ತಿದ್ದಿಹೋಯಿತು. ಹಾಡಿನಲ್ಲಿ ನನ್ನ ದೋಷ ಪಕ್ಕದವನ ದನಿಯಲ್ಲಿ ಮುಚ್ಚಿಹೋಗುತ್ತದೆ. ಇಲ್ಲಿ ಪಕ್ಕದವನ ಕಾಲ ಮೇಲೆ ಬೀಳುತ್ತದೆ.

ಆ ಬೆಳಿಗ್ಗೆ ನಾವು ಬಂದ ಹಾಗೆಯೇ ನಿಂತಿದ್ದೆವು. ರಾಶಿಯ ಬಳಿ ಕನ್ನಡ ಸಭೆ, ನಡುವೆ ಪ್ರಾರ್ಥನಾ ಮಂದಿರ, ಏಣಿಯ ಕಡೆ ಇಗರ್ಜಿ. ಹೆಂಚು ನಮ್ಮ ಸಭೆಯೊಳಗೆ ಸರಾಗವಾಗಿ ಹರಿದು, ಗಡಿಯಲ್ಲಿ ಕ್ಷಣ ಅನುಮಾನಿಸಿ, ಮತ್ತೆ ಹರಿಯುತ್ತಿತ್ತು. ಹೇಗೂ ಕೆಲಸ ಸಾಗಿತ್ತು, ಪಡಸಾಲೆಯೂ ಒಳಮನೆಯ ಒಂದು ಕಡೆಯ ಇಳಿಜಾರೂ ಮುಗಿದು ಇನ್ನೊಂದು ಅರ್ಧಕ್ಕೆ ಬಂದಿತ್ತು. ಆಗ ನಡುವಿನ ಸಾಲಿನಲ್ಲಿ ಒಬ್ಬ ಹೆಣ್ಣುಮಗಳ ಕೈಯಿಂದ ಹೆಂಚೊಂದು ಜಾರಿತು. ಪಕ್ಕದಲ್ಲಿದ್ದ ಸಾಮುವೇಲ್ ಬಗ್ಗಿ, ನೆಲಕ್ಕೆ ಇನ್ನೇನು ತಾಗಬೇಕು ಎನ್ನುವಷ್ಟರಲ್ಲಿ ಅದನ್ನು ಹಿಡಿದುಬಿಟ್ಟ. ಅದ್ಭುತವಾದ ಹಿಡಿತ. ಅದನ್ನು ಜೋಪಾನವಾಗಿ ಪಕ್ಕಕ್ಕಿಟ್ಟು, ಆನಂದ ತಡೆಯದೆ ತನ್ನ ಕಾರ್ಖಾನೆಯ ಕಂಠದಲ್ಲಿ "ಹಲ್ಲೆಲೂಯ!" ಎಂದು ಕೂಗಿದ.

ಹಲ್ಲೆಲೂಯ ಎಂದರೆ ಆ ಮಂದಿರದವರಲ್ಲಿ ಉತ್ತರ ಕೊಡದೆ ಇರುವವರಿಲ್ಲ, ಮತ್ತು ಕೈ ಎತ್ತದೆ ಕೊಡುವ ಉತ್ತರ ಅವರಲ್ಲಿ ಉತ್ತರವೇ ಅಲ್ಲ. ನಡುವಿನ ಸಾಲು ಪೂರ್ತಿ ಎರಡೂ ಕೈಗಳನ್ನು ಆಕಾಶಕ್ಕೆತ್ತಿ, ಒಕ್ಕೊರಲಿನಿಂದ "ಹಲ್ಲೆಲೂಯ!" ಎಂದಿತು. ಆ ಕೈಗಳಲ್ಲಿದ್ದ ಹೆಂಚುಗಳೆಲ್ಲ ಏಣಿಯ ಕಡೆ ತಡವಾದಾಗಲೆಲ್ಲ ಅವರ ಮುಂದೆ ಪೇರಿಸಿಟ್ಟಿದ್ದ ಹೆಂಚುಗಳ ಮೇಲೆಯೇ ಬಿದ್ದು, ಎರಡೂ ಪಂಗಡದವು ಭೇದಭಾವವಿಲ್ಲದೆ ಒಡೆದವು. ಯಾರ ಕಾಲಿಗೂ ಪೆಟ್ಟಾಗಲಿಲ್ಲ. ನಡುವಿನ ಸಾಲಿನಲ್ಲಿ ಉಳಿದದ್ದು ಸಾಮುವೇಲ್ ಹಿಡಿದ ಆ ಒಂದು ಹೆಂಚು.

ನಾನು ನಗಲಿಲ್ಲ ಎಂದು ಹೇಳಿದರೆ ನೀವು ನಂಬುವುದಿಲ್ಲ. ಆದರೆ ರೋಜಿನ್‌ಬಾಯಿಯ ಮುಖ ನೋಡಿದ ಮೇಲೆ ನಗೆ ನಿಲ್ಲಿಸಿದೆ. ತಂದ ಹೆಂಚು ಮಾಡಿಗೆ ಸರಿಯಾಗುವಷ್ಟೇ ಇತ್ತು, ಅದು ಆಕೆಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಪಡುವಣದಲ್ಲಿ ಮೋಡ ಕಪ್ಪಗಾಗುತ್ತಿತ್ತು. ಆಕೆ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ, ಇನ್ನೂ ಇಳಿಯದ ಕೈಗಳನ್ನು ಒಂದೊಂದಾಗಿ ನೋಡಿ ಹೇಳಿದಳು: "ದೇವ್ರು ಎಲ್ಲಾರ ಕೈ ನೋಡ್ಯಾನ. ಇನ್ನ ಹೆಂಚ ನೋಡ್ಕೋರಿ."

ಕೈಗಳು ಇಳಿದವು. ಸಾಮುವೇಲ್ ಯಾರ ಮುಖವನ್ನೂ ನೋಡದೆ ಬೈಕ್ ಚಾಲೂ ಮಾಡಿ ಹೊರಟೇಹೋದ. ನಾಚಿಕೆಯಿಂದ ಓಡಿದನೆಂದು ನಮ್ಮ ಸಭೆಯವರ ಅಭಿಪ್ರಾಯ. ನಾವು ಹಲಸಿನ ಮರದ ಕೆಳಗೆ ಸೇರಿ, ಮುಂದೇನು ಮಾಡಬೇಕೆಂಬುದರ ಬಗ್ಗೆ ಚರ್ಚೆ ಆರಂಭಿಸಿದೆವು, ಏಕೆಂದರೆ ಆಪತ್ತಿನಲ್ಲಿ ಅವರ ಕೈಗಳು ಮೇಲೆ ಹೋಗುವಂತೆ ನಮ್ಮವು ಠರಾವು ಮಂಡಿಸಲು ಹೋಗುತ್ತವೆ. ಠರಾವಿಗೆ ಅನುಮೋದಕರು ಸಿಗುವ ಮೊದಲೇ ರೋಜಿನ್‌ಬಾಯಿ ಮಾಡಿನ ಮೇಲಿದ್ದ ಬಸ್ತ್ಯಾಂವನಿಗೆ ಕೊಂಕಣಿಯಲ್ಲಿ ಏನೋ ಕೂಗಿ, ನಮಗೆ ಕನ್ನಡದಲ್ಲಿ ತಿಳಿಸಿದಳು: "ಪಡಸಾಲಿ ಮ್ಯಾಲಿನ ಹೆಂಚ ತಗದ ಒಳಗಿನ ಮಾಡಿಗೆ ಹಾಕ್ರಿ. ಕೂಸ ಒಳಗ ಮಲಗತೈತಿ, ಪಡಸಾಲ್ಯಾಗಲ್ಲ."

ಮತ್ತೆ ಸಾಲು ಕಟ್ಟುವಾಗ ಬಸ್ತ್ಯಾಂವ್ ನಮ್ಮನ್ನು ಬೆರೆಸಿದ. ಒಬ್ಬ ಇಗರ್ಜಿಯವನು, ಒಬ್ಬ ಮಂದಿರದವನು, ಒಬ್ಬ ಸಭೆಯವನು. ಇದರಲ್ಲಿ ಐಕ್ಯದ ಆದರ್ಶವೇನೂ ಇರಲಿಲ್ಲ. ಮತ್ತೊಮ್ಮೆ ಹಲ್ಲೆಲೂಯ ಬಂದರೂ ಮೂರರಲ್ಲಿ ಒಂದೇ ಹೆಂಚು ಹೋಗಲಿ ಎಂಬ ರೈಲ್ವೆಯ ಮುಂಜಾಗ್ರತೆ ಅಷ್ಟೇ. ಆದರೆ ಹೀಗೆ ನಿಂತ ಮೇಲೆ ಒಂದು ವಿಚಿತ್ರ ನಡೆಯಿತು. ಮಧ್ಯಾಹ್ನ ಕೇರಿಯ ಪುಟ್ಟ ಚಾಪೆಲಿನಲ್ಲಿ ಗಂಟೆ ಹೊಡೆಯಿತು. ಆ ಗಂಟೆಗೆ ಕಥೋಲಿಕರು ಎಲ್ಲಿದ್ದರೆ ಅಲ್ಲಿ ನಿಂತು ಮಾತೆ ಮರಿಯಳಿಗೆ ಪ್ರಾರ್ಥನೆ ಸಲ್ಲಿಸುತ್ತಾರೆ. ನಮಗೂ ಮಂದಿರದವರಿಗೂ ಆ ಪದ್ಧತಿ ಇಲ್ಲ, ಇಲ್ಲದಿರುವುದಕ್ಕೆ ನಮ್ಮಲ್ಲಿ ಬಲವಾದ ಕಾರಣಗಳೂ ಇವೆ. ಆದರೆ ನನ್ನ ಎಡಗಡೆಯ ಕಥೋಲಿಕ ಹೆಂಗಸು ಹೆಂಚು ತೆಗೆದುಕೊಳ್ಳದೆ ಕಣ್ಣು ಮುಚ್ಚಿ ನಿಂತಾಗ ನಾನೇನು ಮಾಡಲಿ? ನಿಂತೆ. ನಾನು ನಿಂತದ್ದರಿಂದ ನನ್ನ ಬಲಗಡೆಯವನು ನಿಂತ. ಸಾಲಿಗೆ ಸಾಲೇ, ಎದೆಯ ಮುಂದೆ ಒಂದೊಂದು ಹೆಂಚು ಹಿಡಿದು ನಿಂತಿತು. ಕೈಗಳು ಎಲ್ಲರವೂ ಒಂದೇ ಎತ್ತರದಲ್ಲಿದ್ದವು. ಅವರು ಪ್ರಾರ್ಥಿಸಿದರು, ನಾವು ಕಾಯ್ದೆವು. ಕಾಯುವುದೂ ಅಷ್ಟೇನೂ ಕೆಟ್ಟದ್ದಲ್ಲವೆಂದು ಅನ್ನಿಸುತ್ತಿರುವಾಗ ಹೆಂಚು ಮತ್ತೆ ಹೊರಟಿತು.

ಇಳಿಹೊತ್ತಿಗೆ ಸಾಮುವೇಲ್ ಬಂದ. ಬೈಕಿನ ಹಿಂದೆ ಸರಕು ಸಾಗಿಸುವ ಆಟೋ, ಅದರಲ್ಲಿ ತಗಡಿನ ಹಾಳೆಗಳು. ಅವರ ಪ್ರಾರ್ಥನಾ ಮಂದಿರದ ಅಡುಗೆ ಮನೆಗೆಂದು ಎತ್ತಿಟ್ಟಿದ್ದವು. ಅವನ್ನು ಪಾಸ್ಟರ್ ಅವರನ್ನು ಕೇಳಿ ತಂದಿದ್ದ. ಹಲಸಿನ ಮರದ ಕೆಳಗಿನ ನಮ್ಮ ಅಭಿಪ್ರಾಯವನ್ನು ಯಾರೂ ಅವನಿಗೆ ಹೇಳಲಿಲ್ಲ. ಬೋಳಾಗಿದ್ದ ಪಡಸಾಲೆಗೆ ತಗಡು ಬಿತ್ತು, ಒಳಗಿನ ಮಾಡಿಗೆ ಕೊನೆಯ ಸಾಲಿನ ಹೆಂಚು ಕೂತಿತು. ಅದರಲ್ಲಿ ಅವನು ಬೆಳಿಗ್ಗೆ ಹಿಡಿದ ಹೆಂಚು ಯಾವುದೆಂದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಚಾದರವಾಗಿದ್ದರೆ ಇದು ಇಂಥವರದೆಂದು ಹೇಳಬಹುದಿತ್ತು. ಹೆಂಚಿನ ಮೇಲೆ ಹೆಸರಿದ್ದದ್ದು ಅದನ್ನು ಸುಟ್ಟ ಕಾರ್ಖಾನೆಯದು ಮಾತ್ರ. ಇನ್ನು ಮಳೆಯ ಸಂಗತಿ. ಅಷ್ಟು ಹೆದರಿಸಿದ ಮೋಡ ನಮ್ಮನ್ನು ದಾಟಿ ಮುಂಡಗೋಡದ ಕಡೆ ಹೋಗಿಬಿಟ್ಟಿತು. ಆ ದಿನ ಒಂದು ಹನಿಯೂ ಬೀಳಲಿಲ್ಲ.

ಭಾನುವಾರ ನತಾಲಿನ್ ತವರಿಗೆ ಬಂದಳು. ವಾರದೊಳಗೆ ಮಳೆ ಹಿಡಿಯಿತು. ಹೆರಿಗೆ ಹಳಿಯಾಳದ ಆಸ್ಪತ್ರೆಯಲ್ಲಾಗಿ, ತಾಯಿ ಮಗು ಇಬ್ಬರೂ ರೋಜಿನ್‌ಬಾಯಿಯ ಮನೆಗೇ ಬಂದರು; ಹೆಣ್ಣು ಕೂಸು. ನನಗಿದು ತಿಳಿದದ್ದು ಆಕೆ ದೂರಲೆಂದು ಫೋನ್ ಮಾಡಿದಾಗ. ಮಾಡು ಸೋರುತ್ತಿರಲಿಲ್ಲ, ದೂರು ತಗಡಿನದು. "ಮಳಿ ಬಂದ್ರ ಸಾಕ್ರಿ ಮಾಸ್ತರ, ಪಡಸಾಲಿ ತುಂಬ ಬರೇ ಹಲ್ಲೆಲೂಯ. ಕೂಸ ಎಚ್ಚರ ಆಗತೈತಿ" ಅಂದಳು. ದನಿಯಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚಿತ್ತು.

ಮಗುವಿನ ದೀಕ್ಷಾಸ್ನಾನಕ್ಕೆ ನಮ್ಮನ್ನೆಲ್ಲ ಕರೆದಳು. ಎಳೆಯ ಕೂಸಿಗೆ ದೀಕ್ಷಾಸ್ನಾನ ಕೊಡುವುದು ಸಾಮುವೇಲನ ಮಂದಿರದವರಿಗೆ ಒಪ್ಪಿಗೆಯಿಲ್ಲ. ಅದಕ್ಕೆ ಆತ ಚಾಪೆಲಿನೊಳಗೆ ಬರದೆ, ಅದು ಮುಗಿಯುವವರೆಗೆ ಮಳೆಯಲ್ಲಿ ಕೊಡೆ ಹಿಡಿದು ಹೊರಗೇ ನಿಂತಿದ್ದು, ಆಮೇಲೆ ಮನೆಗೆ ಬಂದು ಎರಡು ತಟ್ಟೆ ಶಿರಾ ತಿಂದ. ಯಾರೂ ಯಾರನ್ನೂ ಒಪ್ಪಿಸಲು ಹೋಗಲಿಲ್ಲ. ನಾನು ಈ ವಿಷಯದಲ್ಲಿ ಕಂಡುಕೊಂಡದ್ದು ಇಷ್ಟೇ: ಮಾಡು ಕಟ್ಟಲು ಎಲ್ಲರೂ ಒಂದೇ ರೀತಿ ಪ್ರಾರ್ಥಿಸಬೇಕಾಗಿಲ್ಲ, ಪಕ್ಕದವನ ಕೈ ಎಲ್ಲಿಗೆ ಹೋಗುತ್ತದೆಂದು ತಿಳಿದಿದ್ದರೆ ಸಾಕು. ಇದನ್ನು ಸಮಿತಿಯಲ್ಲಿ ಮಾತ್ರ ಹೇಳಿಲ್ಲ, ಮತ್ತೆ ಅದರಂತೆ ನಡೆಯಬೇಕಾದೀತೆಂಬ ಭಯ.

ಆ ದಿನ ಮಾಡಿನ ಕೆಳಗೆ ಗೋಡೆಗೊರಗಿ ಸಾಲಾಗಿ ಕುಳಿತಿದ್ದೆವು. ಹೊರಗೆ ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು. ರೋಜಿನ್‌ಬಾಯಿ ಮೂರು ಚಾದರಗಳಲ್ಲಿ ಒಂದರ ತುಂಡಿನಲ್ಲಿ ಸುತ್ತಿದ ಮೊಮ್ಮಗಳನ್ನು ತಂದು ಸಾಲಿನ ತುದಿಯಲ್ಲಿದ್ದ ಬಸ್ತ್ಯಾಂವನ ಕೈಗಿಟ್ಟಳು. ಅವನು ಸ್ವಲ್ಪ ನೋಡಿ ಪಕ್ಕದವಳಿಗೆ ಕೊಟ್ಟ, ಆಕೆ ತನ್ನ ಪಕ್ಕದವನಿಗೆ, ಹೀಗೆ ಕೂಸು ಕೈಯಿಂದ ಕೈಗೆ ದಾಟುತ್ತ ಸಾಮುವೇಲನ ಬಳಿಗೆ ಬಂದಿತು. ಆತ ಬಗ್ಗಿ ಅದರ ಮುಖ ನೋಡಿದ. ನೋಡುತ್ತ ನೋಡುತ್ತ ಅವನ ಕಣ್ಣು ತುಂಬಿದವು, ಎದೆ ಉಬ್ಬಿತು, ನಮಗೆ ಪರಿಚಿತವಾದ ಆ ಕಂಠದಿಂದ "ಹಲ್ಲೆಲೂಯ!" ಹೊರಟೇಬಿಟ್ಟಿತು.

ರೋಜಿನ್‌ಬಾಯಿ ಕುಳಿತಲ್ಲಿಂದ ಅರ್ಧ ಎದ್ದಿದ್ದಳು. ಮಂದಿರದ ಬಂಧುಗಳು ಉತ್ತರ ಕೊಡಲು ಬಾಯಿ ತೆರೆದವರು ಹಾಗೇ ಇದ್ದರು. ಎಲ್ಲರ ಕಣ್ಣೂ ಸಾಮುವೇಲನ ಕೈಗಳ ಮೇಲಿದ್ದವು. ಕೈಗಳು ಅಲುಗಲಿಲ್ಲ. ಕೂಸು ಒಮ್ಮೆ ತುಟಿ ಚಪ್ಪರಿಸಿ ನಿದ್ದೆ ಮುಂದುವರಿಸಿತು.

ಆತ ನನ್ನ ಕಡೆ ತಿರುಗಿದ. ಮುಂದಿನ ಸರದಿ ನನ್ನದು. ಕೈಗಳನ್ನು ಎಲ್ಲಿಡಬೇಕೆಂದು ನಾನು ಯೋಚಿಸುವ ಮೊದಲೇ ಅವು ಮುಂದೆ ಚಾಚಿಕೊಂಡಿದ್ದವು.